ಕೊಳೆತ ಕೊತ್ತಂಬರಿ, ಗುಳುಗುಳು ಡ್ರಮ್ಮು

ನಮಸ್ಕಾರ್ರಿ, ಕಲಬುರಗಿಯಿಂದ ಮಾತಾಡ್ಲಿಕತ್ತೀನಿ. "ಮಣ್ಣಿಲ್ದ ಬೆಳಿ, ಕಸದಿಂದ್ಲೇ ಪುಕ್ಕಟೆ ಗೊಬ್ಬರ" ಅಂತ ಒಂದು ಮಾತು ಮೊಬೈಲ್ ತುಂಬ ಓಡ್ಯಾಡ್ಲಿಕತ್ತದ. ಅರ್ಧ ಖರೇ ಅದ. ಆ 'ಪುಕ್ಕಟೆ' ಅನ್ನೋದರ ಮ್ಯಾಲೇ ನನ್ನ ತಕರಾರು.

ಮೊದ್ಲು, ಯಾವ ಕಸರೀ? ತೊಗರಿ ರಾಶಿ ಆದಮ್ಯಾಲ ಹೊಟ್ಟು ದನಕ್ಕ, ಕಟ್ಟಿಗಿ ಒಲಿಗೆ. ಅದಕ್ಕ ಕಸ ಅಂದ್ರ ನಮ್ಮವ್ವ ಬೈತಾಳ. ಆ ಕಟ್ಟಿಗಿ ನೆನಿ ಹಾಕಿದ್ರೂ ಭಾಳೇನೂ ಸಿಗಂಗಿಲ್ಲ: ನಾರು ಜಾಸ್ತಿ, ಸಾರಜನಕ ಕಮ್ಮಿ. ಖರೇ ಕಸ ಅಂದ್ರ ಸಂಜಿಗೆ ಕಾಯಿಪಲ್ಯೆ ಮಾರ್ಕೆಟ್‌ನಾಗ ಉಳಿಯೋದು. ಬಾಡಿದ ಕೊತ್ತಂಬರಿ, ಮೆಂತ್ಯೆ, ಹೂಕೋಸಿನ ಎಲಿ.

ನಾನೂ ಒಂದು ಚೀಲ ತಂದೆ. ಕೊಳಿಸಿ, ಸೋಸಿ, ಸೀದಾ ಮಾಳಿಗಿ ಮ್ಯಾಲಿನ ಪೈಪಿಗೆ ಬಿಟ್ಟೆ. ಮಣ್ಣಿಲ್ದ, ಬರೇ ನೀರಿನಾಗ ಬೇರು ಬಿಟ್ಟು ಗಿಡ ಬೆಳೆಯೋ ಪೈಪ್ರಿ ಅದು. ನಾಕು ದಿನದಾಗ ಬೇರು ಕಂದಾಗಿ, ಲೋಳಿ ಹಿಡ್ದು, ಮನಿ ತುಂಬ ನಾತ.

ಆಮ್ಯಾಲ ತಿಳೀತು. ಪೊಟ್ಯಾಶ್ ಗಿಡದಾಗ ಕರಗಿದ ಉಪ್ಪಿನ ಹಂಗೇ ಇರ್ತದ, ನೆನಿಸಿದ್ರ ಸಾಕು, ನೀರಿಗೆ ಬರ್ತದ. ಸಾರಜನಕ ಹಂಗಲ್ಲ, ಪ್ರೋಟೀನಿನಾಗ ಸಿಕ್ಕೊಂಡಿರ್ತದ. ಬ್ಯಾಕ್ಟೀರಿಯಾ ಅದನ್ನ ಬಿಡಿಸಿ ಅಮೋನಿಯಾ ಮಾಡ್ಬೇಕು, ಮತ್ತ ಬ್ಯಾರೇ ಬ್ಯಾಕ್ಟೀರಿಯಾ ಅದನ್ನ ಗಿಡಕ್ಕ ಚಲೋ ದಕ್ಕೋ ನೈಟ್ರೇಟ್ ಮಾಡ್ಬೇಕು. ಈ ಎರಡನೇ ಕೆಲಸಕ್ಕ ಗಾಳಿ ಬೇಕೇ ಬೇಕು. ಹೊಲದ ಮಣ್ಣಿನಾಗ ಇದು ಯಾರೂ ಹೇಳದೇ ನಡೀತದ. ನಾ ಹಸಿ ರಸ ಸುರುವಿದ್ದಕ್ಕ ಬೇರಿನ ಪಾಲಿನ ಆಮ್ಲಜನಕ ಬ್ಯಾಕ್ಟೀರಿಯಾದ ಪಾಲಾಯ್ತು. 1990ರ ದಶಕದಾಗ ನಾಸಾದವ್ರು ಕೆನಡಿ ಬಾಹ್ಯಾಕಾಶ ಕೇಂದ್ರದಾಗ ಗೋಧಿ, ಆಲೂಗಡ್ಡಿ ಗಿಡದ ತಿನ್ನಲಾರದ ಭಾಗ ನೆನಿಸಿ, ಗಾಳಿ ಊದೋ ತೊಟ್ಟಿಯೊಳಗ ಹದ ಮಾಡಿ, ಮತ್ತ ಬೆಳಿಗೇ ಕೊಟ್ರು. ಅವ್ರಿಗೂ ಕಮ್ಮಿ ಬಿದ್ದ ಲವಣ ಹೊರಗಿಂದ ಹಾಕ್ಬೇಕಾಯ್ತು.

ಇನ್ನ ನಮ್ಮ ನೀರು. ಶಹಾಬಾದ್, ಚಿತ್ತಾಪುರ, ಸೇಡಂ, ಎಲ್ಲಾ ಕಡೆ ಕಾಲ ಕೆಳಗ ಸುಣ್ಣದಕಲ್ಲು. ಬೋರಿನ ನೀರು ಕಾಸಿದ್ರ ಪಾತೇಲಿಗೆ ಬಿಳಿ ಪದರ. ಇಂಥಾ ನೀರು ಪಿಎಚ್, ಅಂದ್ರ ಹುಳಿ-ಕ್ಷಾರದ ಅಳತಿ, ಏರಸ್ತದ. ಪೈಪಿನ ನೀರಿನಾಗ ಅದು 5.5ರಿಂದ 6.5ರೊಳಗ ಇರ್ಬೇಕು. ಮ್ಯಾಲ ಹೋಯ್ತಂದ್ರ ಕಬ್ಬಿಣ ಇದ್ರೂ ಗಿಡಕ್ಕ ದಕ್ಕಂಗಿಲ್ಲ, ಎಳಿ ಎಲಿ ಹಳದಿ ಆಗ್ತಾವ. ಮಜಾ ಏನಂದ್ರ, ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ತದ, ನೀರಿನ ಕ್ಷಾರ ಒಂದಿಷ್ಟು ಇಳೀತದ. ಪುಕ್ಕಟೆ ಅನ್ನೋದಾದ್ರ ಇದೊಂದಕ್ಕ ಅನ್ರಿ.

ಹಂಗಂತ ತೊಗರಿ ಹೊಲ ಬಿಟ್ಟು, ಸಾಲ ಮಾಡಿ ಪೈಪು ಹಾಕ್ಬ್ಯಾಡ್ರಿ. ತೊಗರಿ ಗಾಳಿಯಾಗಿನ ಸಾರಜನಕ ತನ್ನ ಬೇರಿನ ಗಂಟಿನಾಗೇ ಹಿಡ್ಕೊಳ್ಳೋ ಬೆಳಿ, 2019ರಾಗ ಅದಕ್ಕ ಜಿಐ ಟ್ಯಾಗ್, ಅಂದ್ರ ಇಂಥಾ ಊರಿನ ಮಾಲು ಅನ್ನೋ ಗುರುತು, ಸಿಕ್ಕಿದ್ದೂ ಈ ನೆಲದ ಹೆಸರಿಗೆ. ಮಾಳಿಗಿ ಮ್ಯಾಲ ಮನಿಗೆ ಸಾಕಾಗೋವಷ್ಟು ಪಲ್ಯೆ ಬೆಳೀತೀನಂದ್ರ ಬ್ಯಾಡ ಅನ್ನಂಗಿಲ್ಲ.

ಈಗ ಕೊಳೆತ ರಸ ತುಂಬಿದ ನನ್ನ ಡ್ರಮ್ಮಿನಾಗ ಮೀನಿನ ತೊಟ್ಟಿಗೆ ಹಾಕೋ ಸಣ್ಣ ಗಾಳಿ ಪಂಪು ಮೂರು ವಾರದಿಂದ ಗುಳುಗುಳು ಅನ್ಲಿಕತ್ತದ. ನಾತ ಹೋಗಿ, ಮಳಿ ಬಿದ್ದ ಮಣ್ಣಿನ ವಾಸನಿ ಬಂದದ. ನಾಳಿ ಮೆಂತ್ಯೆಗೆ ಬಿಡ್ತೀನಿ. ಈ ಸಲ ನಾಕೇ ನಾಕು ಗಿಡಕ್ಕ.