ಸಭಾಧ್ಯಕ್ಷರು ಎದ್ದು ನಿಂತರೆ

ಎಲ್ಲರಿಗೂ ನಮಸ್ಕಾರ. ಶಾಲು ಹೊದಿಸುವುದರಲ್ಲೇ ಅರ್ಧ ಹೊತ್ತು ಹೋಯಿತು. ನೇರ ವಿಷಯಕ್ಕೆ ಬರುತ್ತೇನೆ.

ತುಮಕೂರಿನ ಪಂಚಾಯಿತಿ ಸದಸ್ಯೆಯರಿಗೆ ಗುಂಡ್ಲುಪೇಟೆಯವರ ಕತೆ ಯಾಕೆ ಮೇಡಂ ಅಂತ ಸಂಘಟಕರು ಕೇಳಿದರು. ನಮ್ಮ ವಿಧಾನಸಭೆಗೆ ಇದುವರೆಗೆ ಒಬ್ಬರೇ ಒಬ್ಬ ಮಹಿಳೆ ಸಭಾಧ್ಯಕ್ಷರಾಗಿದ್ದಾರೆ, ಅದಕ್ಕೆ. ಅವರೇ ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ. 1957ರಲ್ಲೇ ಗೆದ್ದು ಬಂದವರು, ಒಟ್ಟು ಏಳು ಸಲ ಶಾಸಕಿ. 1972ರಿಂದ 1978ರವರೆಗೆ ಆ ಪೀಠದಲ್ಲಿದ್ದರು. ಏರಿದಾಗ ಅದು ಮೈಸೂರು ವಿಧಾನಸಭೆ, ಇಳಿದಾಗ ಕರ್ನಾಟಕ ವಿಧಾನಸಭೆ.

ನಾನು ಹೋದಲ್ಲೆಲ್ಲ ಹೇಳುವುದು ಒಂದೇ ಮಾತು. ಗೆಲ್ಲುವುದು ಬೇರೆ, ಸಭೆ ನಡೆಸುವುದು ಬೇರೆ.

ಆ ಆರು ವರ್ಷ ಸುಮ್ನೆ ಕಳೆದವಲ್ಲ. ಬಹುಪಾಲು ದೇವರಾಜ ಅರಸರ ಕಾಲ. ಭೂ ಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಹಿಂದಿನ ಸಾಲಿನ ಹಿರಿಯರಿಗೆ ಫಾರಂ ನಂಬರ್ ಏಳು ನೆನಪಿರಬೇಕು, ಅಲ್ವಾ? ಉಳುವ ಜಮೀನು ತಮ್ಮದಾಗಲಿ ಅಂತ ಗೇಣಿದಾರರು ಅದನ್ನು ತುಂಬಿಸಿಕೊಂಡು ಭೂ ನ್ಯಾಯಮಂಡಳಿ ಮುಂದೆ ನಿಂತ ಕಾಲ. ಅಂಥ ಕಾಯ್ದೆ ಚರ್ಚೆಯಾದ ಸದನವನ್ನು ನಡೆಸಿದ್ದು ಈಕೆ. ಸದನದಲ್ಲಿ ಒಂದು ಕಟ್ಟಳೆ ಇದೆ: ಸಭಾಧ್ಯಕ್ಷರು ಎದ್ದು ನಿಂತರೆ ಉಳಿದವರೆಲ್ಲ ಕೂರಬೇಕು. ಮುಖ್ಯಮಂತ್ರಿಯಾದರೂ ಸರಿ, ಕೂರಬೇಕು.

ಈಗ ನಮ್ಮ ಕಡೆ ಬನ್ನಿ. ಅಕ್ಕನ ಮನೆಯ ಇ-ಖಾತೆಗೆ ಗುಬ್ಬಿ ಕಡೆಯ ಒಂದು ಪಂಚಾಯಿತಿಗೆ ಹೋಗಿದ್ದೆ, ಊರಿನ ಹೆಸರು ಬೇಡ. ಅಧ್ಯಕ್ಷರ ಕೊಠಡಿಯಲ್ಲಿ ತಿರುಗುವ ಕುರ್ಚಿ, ಅದರ ಬೆನ್ನಿಗೆ ಬಿಳಿ ಟರ್ಕಿ ಟವೆಲ್. ಅದರಲ್ಲಿ ಒಬ್ಬರು ಮೀಸೆಯ ಯಜಮಾನರು. 'ಅಧ್ಯಕ್ಷರು ಇದ್ದಾರಾ?' ಅಂದೆ. 'ನಾನೇ, ಹೇಳಮ್ಮ' ಅಂದರು. ಬೋರ್ಡ್ ಮೇಲೆ ಹೆಣ್ಣಿನ ಹೆಸರು! ನಾನು ಅದನ್ನೇ ನೋಡುತ್ತಿದ್ದೆ. 'ಅದು ನಮ್ಮನೆಯವರು. ಕೆಲಸ ಎಲ್ಲಾ ನಾವೇ ನೋಡ್ಕೊಳ್ಳೋದು' ಅಂದರು. ಅಷ್ಟರಲ್ಲಿ ಆಕೆಯೇ ಬಂದರು. ಇವರು ಏಳಲಿಲ್ಲ. ಆಕೆ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರು. ಪಂಚಾಯಿತಿ ಅಧಿಕಾರಿ ಪಿಡಿಒ ಸಭೆಯ ನಡಾವಳಿ ಪುಸ್ತಕ ತಂದು, ಪಾಪ, ಇಬ್ಬರ ಮುಖವನ್ನೂ ನೋಡಿದರು. ಪುಸ್ತಕವನ್ನು ಯಜಮಾನರ ಮುಂದೆ ಇಟ್ಟರು, ಪೆನ್ನನ್ನು ಆಕೆಗೆ ಕೊಟ್ಟರು!

ನಗಬೇಡಿ. ನಿಮ್ಮಲ್ಲೂ ಕೆಲವರ ಮನೆಯವರು ಹೊರಗೆ ಬೈಕ್ ಹತ್ತಿರ ಕಾಯುತ್ತಿದ್ದಾರೆ, ನೋಡಿಕೊಂಡೇ ಬಂದೆ.

ಆಕೆ ಸಹಿ ಹಾಕಲಿಲ್ಲ. 'ಮೊದಲು ಓದಿ, ಕೇಳೋಣ' ಅಂದರು. ಪಿಡಿಒ ಓದಿದರು. 'ನಮ್ಮ ಬೀದಿ ಬೋರ್‌ವೆಲ್ ಮೋಟಾರ್ ವಿಷಯ ಮೀಟಿಂಗಲ್ಲಿ ಹೇಳಿದ್ನಲ್ಲ, ಎಲ್ಲಿ?' ಅದು ಇರಲಿಲ್ಲ. ಸೇರಿಸುವವರೆಗೂ ಪೆನ್ನಿನ ಮುಚ್ಚಳ ತೆಗೆಯಲಿಲ್ಲ ಆಯಮ್ಮ. ಯಜಮಾನರು ಟೀ ನೆಪ ಹೇಳಿ ಎದ್ದು ಹೋದರು. ನಮ್ಮ ಖಾತೆ ಅವತ್ತು ಆಗಲಿಲ್ಲ, ಬಿಡಿ. ಆದರೆ ಸಭೆ ನಡೆಸುವುದು ಅಂದರೆ ಅದು.

ನಾಗರತ್ನಮ್ಮನವರು 1978ರ ಸದನದಲ್ಲಿ ಇರಲಿಲ್ಲ. 1983ರಲ್ಲಿ ಅದೇ ಗುಂಡ್ಲುಪೇಟೆಯಿಂದ ಮತ್ತೆ ಬಂದರು. ಮುಂದೆ ವಿರೋಧ ಪಕ್ಷದ ನಾಯಕಿಯೂ ಆದರು. 1993ರಲ್ಲಿ ತೀರಿಕೊಂಡರು.

ಈಗಿನ ಲೆಕ್ಕ ನೋಡಿ. 2023ರಲ್ಲಿ 224 ಕ್ಷೇತ್ರಗಳಲ್ಲಿ ಗೆದ್ದ ಮಹಿಳೆಯರು ಹತ್ತು. ಕೋಲಾರ ಜಿಲ್ಲೆಯ ಕೆಜಿಎಫ್ 2013ರಿಂದ ಸತತ ಮೂರು ಸಲ ಮಹಿಳೆಯರನ್ನೇ ಆರಿಸಿದೆ: ಒಮ್ಮೆ ವೈ. ರಾಮಕ್ಕ, ಎರಡು ಸಲ ರೂಪಕಲಾ. ಒಬ್ಬರು ಮಾಜಿ ಶಾಸಕರ ತಾಯಿ, ಇನ್ನೊಬ್ಬರು ಕೋಲಾರದ ಮಾಜಿ ಸಂಸದ ಕೆ.ಎಚ್. ಮುನಿಯಪ್ಪನವರ ಮಗಳು ಅಂತ ಜನ ಆಡಿಕೊಳ್ಳುತ್ತಾರೆ. ಗಂಡುಮಕ್ಕಳು ಅಪ್ಪನ ಕ್ಷೇತ್ರಕ್ಕೆ ಬಂದರೆ ಯಾರೂ ತುಟಿ ಬಿಚ್ಚಲ್ಲ. ಯಾರ ಮಗಳು ಅನ್ನುವುದು ಟಿಕೆಟ್ ಸಿಗುವ ತನಕದ ಮಾತು. ಒಳಗೆ ಹೋಗಿ ಸಭೆ ನಡೆಸುತ್ತಾರಾ, ಅದನ್ನು ಕೇಳಿ. ವಿಧಾನಸಭೆಯ ಮೂರನೇ ಒಂದು ಪಾಲಿನ ಮೀಸಲಾತಿ 2023ರಲ್ಲೇ ಕಾನೂನಾಯಿತು. ಜನಗಣತಿ, ಕ್ಷೇತ್ರ ವಿಂಗಡಣೆ ಎಲ್ಲ ಮುಗಿದ ಮೇಲೆ ಅಂತೆ! ಪಂಚಾಯಿತಿಯಲ್ಲಿ ನಿಮಗೆ ಅರ್ಧ ಪಾಲು ಆಗಲೇ ಇದೆ.

ಚೀಟಿ ಬಂತು. ಸರಿ ಸರಿ, ಮುಗಿಸುತ್ತೇನೆ. ಪಾನನಿರೋಧ ಸಡಿಲಿಸಿದ್ದನ್ನು ವಿರೋಧಿಸಿ ಮಂತ್ರಿಗಿರಿ ಬಿಟ್ಟ ಯಶೋಧರಾ ದಾಸಪ್ಪನವರ ವಿಷಯವೂ ಬರೆದುಕೊಂಡಿದ್ದೆ, ಇನ್ನೊಂದು ಸಲ ಆಗಲಿ. ಪಂಚಾಯಿತಿ ಸಭೆ ಎರಡು ತಿಂಗಳಿಗೆ ಒಮ್ಮೆಯಾದರೂ ಸೇರಲೇಬೇಕು. ಅಧ್ಯಕ್ಷೆ ಇಲ್ಲದಿದ್ದರೆ ಉಪಾಧ್ಯಕ್ಷರು ನಡೆಸಬೇಕು, ಯಜಮಾನರಲ್ಲ. ಸಹಿಗೆ ಮುಂಚೆ ನಡಾವಳಿ ಓದಿಸಿ. ನೀಲಿ ಸೀರೆಯಮ್ಮ, ಆಗಿನಿಂದ ಕೈ ಎತ್ತಿದ್ದೀರಿ. ಮೈಕ್ ಅವರಿಗೆ ಕೊಡಿ.