ಬೆಂಗಳೂರು ಬಿಟ್ಟು ಮೈಸೂರಿಗೋ ಹುಬ್ಬಳ್ಳಿಗೋ ಹೋಗ್ತೀರಾ? ಬಾಡಿಗೆ ಲೆಕ್ಕ ಆಮೇಲೆ ಹಾಕಿ

[ದೃಶ್ಯ: ಸಂಜೆಯ ಸಿಲ್ಕ್ ಬೋರ್ಡ್, ಕದಲದೆ ನಿಂತ ಗಾಡಿಗಳು]

ನಮಸ್ಕಾರ. ಮನೆ ಓನರ್ ಬಾಡಿಗೆ ಏರಿಸಿದ ದಿನ ಬೆಂಗಳೂರಿನ ಮನೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ. "ಸಾಕು, ಮೈಸೂರಿಗೆ ಹೋಗಿಬಿಡೋಣ." ಆ ಕಡೆಯವರಾದರೆ, "ಹುಬ್ಬಳ್ಳಿಗೆ ಹೋಗೂಣ ನಡೀರಿ." ಆಮೇಲೆ ಮೊಬೈಲ್ ತೆಗೆದು ತಿಂಗಳಿಗೆ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಉಳಿಯುತ್ತದೆ, ಅನುಮಾನ ಬೇಡ. 10 ತಿಂಗಳ ಅಡ್ವಾನ್ಸ್ ಕೇಳುವವರು ಇನ್ನೂ ಇರುವ ಊರಿನಿಂದ ಎಲ್ಲಿಗೆ ಹೋದರೂ ಸ್ವಲ್ಪ ಉಳಿಯಲೇಬೇಕು, ಅಲ್ವಾ?

ಆದರೆ ಮೊದಲು ಕೇಳಿಕೊಳ್ಳಬೇಕಾದ್ದು ಬೇರೆ. ಈಗಿನ ಕೆಲಸ ಹೋದರೆ ಆ ಊರಲ್ಲೇ ಇನ್ನೊಂದು ಸಿಗುತ್ತದಾ?

[ಪರದೆಯ ಮೇಲೆ: ಎರಡನೇ ಕೆಲಸ ಎಲ್ಲಿದೆ?]

ಬೆಂಗಳೂರಿನಲ್ಲಿ ಕಂಪನಿ ಬದಲಾಯಿಸಿದರೆ ಎಷ್ಟೋ ಸಲ ಬದಲಾಗುವುದು ಬಸ್ ನಂಬರ್ ಮಾತ್ರ. ಮನೆ ಅದೇ, ಮಕ್ಕಳ ಶಾಲೆ ಅದೇ. ಚಿಕ್ಕ ಊರಲ್ಲಿ ಹಾಗಲ್ಲ. ಮೈಸೂರಿನ ಹೆಬ್ಬಾಳದಲ್ಲಿ ಇನ್ಫೋಸಿಸ್‌ನ ದೊಡ್ಡ ಕ್ಯಾಂಪಸ್ ಇದೆ. ಹುಬ್ಬಳ್ಳಿಯಲ್ಲೂ ಅವರ ಕ್ಯಾಂಪಸ್ ಇದೆ. 'ಬಿಯಾಂಡ್ ಬೆಂಗಳೂರು' ಅಂತ ಸರ್ಕಾರವೂ ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿ ಕಡೆಗೆ ಕಂಪನಿಗಳನ್ನು ಕರೆಯುತ್ತಿದೆ. ಸರಿ. ಆದರೂ ಒಂದೇ ಬಗೆಯ ಕೆಲಸದಲ್ಲಿ ಹತ್ತು ವರ್ಷ ಪಳಗಿದವರಿಗೆ ಅದೇ ಸಂಬಳ ಕೊಡುವ ಇನ್ನೊಂದು ಬಾಗಿಲು ಅಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಾದರೆ ಇಬ್ಬರಿಗೂ ಬಾಗಿಲು ಬೇಕು. ಎಷ್ಟೋ ಮನೆಗಳಲ್ಲಿ ಒಬ್ಬರ ಕೆಲಸದ ಮೇಲೆ ತೀರ್ಮಾನ ಆಗಿಬಿಡುತ್ತದೆ, ಇನ್ನೊಬ್ಬರ ಕೆಲಸ ಲೆಕ್ಕಕ್ಕೇ ಬರುವುದಿಲ್ಲ. ಆ ಇನ್ನೊಬ್ಬರು ಸಾಮಾನ್ಯವಾಗಿ ಹೆಂಡತಿ, ಅದನ್ನು ಬಾಯಿಬಿಟ್ಟೇ ಹೇಳುತ್ತೇನೆ.

ಟೀಚರ್, ನರ್ಸ್, ಬ್ಯಾಂಕಿನವರು, ಸ್ವಂತ ಅಂಗಡಿ ಇಡುವವರು ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅವರ ಕೆಲಸ ಎಲ್ಲ ಊರಲ್ಲೂ ಇದೆ.

"ನನಗೆ ವರ್ಕ್ ಫ್ರಂ ಹೋಮ್ ಇದೆ" ಅನ್ನುತ್ತೀರಾ? ಅದು ಕಾಗದದ ಮೇಲೆ ಇದೆಯಾ ನೋಡಿ. ಮ್ಯಾನೇಜರ್ ಬಾಯಿಮಾತು ಮ್ಯಾನೇಜರ್ ಇರುವವರೆಗೆ ಮಾತ್ರ.

[ದೃಶ್ಯ: ಬೆಂಗಳೂರು–ಮೈಸೂರು ಹೆದ್ದಾರಿ]

ವಾರಕ್ಕೆರಡು ದಿನ ಆಫೀಸಿಗೆ ಬಂದರೆ ಸಾಕು ಅನ್ನುವವರ ಕಣ್ಣು ಈ ರಸ್ತೆಯ ಮೇಲೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಬೈಕು, ಆಟೊ ಓಡಿಸುವಂತಿಲ್ಲ. ಒಂದೂವರೆ ಗಂಟೆ ಅಂತ ಎಲ್ಲರೂ ಹೇಳುತ್ತಾರೆ. ಆ ಲೆಕ್ಕ ಮುಗಿಯುವುದು ಕೆಂಗೇರಿ ಹತ್ತಿರ. ಆಫೀಸು ವೈಟ್‌ಫೀಲ್ಡ್‌ನಲ್ಲಿದ್ದರೆ? ಕಾರಿನಲ್ಲಿ ಇನ್ನೊಂದು ಪ್ರಯಾಣವೇ ಬಾಕಿ ಇರುತ್ತದೆ. ಅದಕ್ಕಿಂತ ರೈಲು ವಾಸಿ. ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೊ ಹತ್ತಿ. 2023ರ ಅಕ್ಟೋಬರ್‌ನಿಂದ ಅದು ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ ಓಡುತ್ತಿದೆ. ಹಾಗಂತ ವಾರಕ್ಕೆ ಐದು ದಿನ ಓಡಾಡುತ್ತೇನೆ ಅನ್ನುವವರಿಗೆ ನನ್ನದೊಂದೇ ಮಾತು: ಬೇಡ.

ಹುಬ್ಬಳ್ಳಿ–ಧಾರವಾಡದ ಲೆಕ್ಕವೇ ಬೇರೆ. 400 ಕಿ.ಮೀ. ಮೇಲೆ ದೂರ. 2023ರ ಜೂನ್‌ನಿಂದ ಬೆಂಗಳೂರು–ಧಾರವಾಡ ವಂದೇ ಭಾರತ್ ಇದೆ, ರಾತ್ರಿ ಬಸ್ಸುಗಳಂತೂ ಬೇಕಾದಷ್ಟು. ಆದರೂ ಅದು ತಿಂಗಳಿಗೊಮ್ಮೆ ಬರುವ ದೂರ, ವಾರವಾರ ಬರುವುದಲ್ಲ.

ಅಲ್ಲಿ ಒಂದು ಒಳ್ಳೆಯ ಸಂಗತಿ ಇದೆ. ಎರಡು ಊರುಗಳ ನಡುವೆ ಸುಮಾರು 20 ಕಿ.ಮೀ. ಬಿಆರ್‌ಟಿಎಸ್‌ನ ಚಿಗರಿ ಬಸ್ಸು ಬಹುಪಾಲು ದೂರ ತನಗೇ ಮೀಸಲಾದ ದಾರಿಯಲ್ಲಿ ಓಡುತ್ತದೆ. ಅಲ್ಲಿ ಕಾರುಗಳ ಮಧ್ಯೆ ಸಿಕ್ಕಿಕೊಳ್ಳುವುದಿಲ್ಲ. ಬೆಂಗಳೂರಿನವರು ನೋಡಿ ಹೊಟ್ಟೆ ಉರಿದುಕೊಳ್ಳಬಹುದು.

ನೀರಿನ ಕಥೆ ಮಾತ್ರ ಕೇಳಲೇಬೇಕು. ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ ನೀರು ಬರುತ್ತದೆ. 2008ರಲ್ಲೇ ಕೆಲವು ವಾರ್ಡ್‌ಗಳಲ್ಲಿ ದಿನದ 24 ಗಂಟೆ ನೀರು ಬಿಡಲು ಶುರುಮಾಡಿದ್ದರು. ಆದರೆ ಒಂದು ಓಣಿಗೆ ಇರುವುದು ಪಕ್ಕದ ಓಣಿಗೆ ಇರಲೇಬೇಕೆಂದಿಲ್ಲ. ನಲ್ಲಿಯಲ್ಲಿ ನೀರು ಬಂದು ಎಷ್ಟೋ ದಿನ ಆಗಿರುವ ಓಣಿಗಳೂ ಇವೆ. ಮನೆ ನೋಡಲು ಹೋದಾಗ ಓನರ್‌ನ ಕೇಳಬೇಡಿ, ಎದುರು ಮನೆಯವರನ್ನು ಕೇಳಿ. "ನೀರು ಎಷ್ಟು ದಿನಕ್ಕೊಮ್ಮೆ ಬರ್ತಾವ್ರೀ?" ಸಂಪ್ ಎಷ್ಟು ದೊಡ್ಡದು ಅಂತಲೂ ನೋಡಿ.

[ದೃಶ್ಯ: ಮೈಸೂರಿನ ಸರಸ್ವತಿಪುರಂ, ಮರಗಳ ಸಾಲು, ಟು-ಲೆಟ್ ಬೋರ್ಡ್]

ಮನೆ ಹುಡುಕಲು ಆ್ಯಪ್ ಒಂದನ್ನೇ ನಂಬಬೇಡಿ. ಸರಸ್ವತಿಪುರಂ, ಕುವೆಂಪುನಗರ, ಧಾರವಾಡದ ಸಪ್ತಾಪುರ, ಇಂಥ ಕಡೆ ಎಷ್ಟೋ ಮನೆ ಗೇಟಿನ ಬೋರ್ಡ್ ನೋಡಿ ಹೋಗುತ್ತವೆ. ದಿನಸಿ ಅಂಗಡಿಯವರನ್ನು ಕೇಳಿದರೆ ಮುಂದಿನ ತಿಂಗಳು ಖಾಲಿಯಾಗುವ ಮನೆಯೂ ಗೊತ್ತಾಗುತ್ತದೆ.

ಹೋದ ಮೇಲೆ ಮೊದಲು ಹಿಡಿಸುವುದು ಟೈಮು. ಮಧ್ಯಾಹ್ನ ಮನೆಗೆ ಬಂದು ಬಿಸಿ ಊಟ ಮಾಡಿ ಹೋಗಬಹುದು. ಮೊದಲು ಹಿಡಿಸದೇ ಇರುವುದು ಪ್ರಶ್ನೆಗಳು. ಸ್ವಂತ ಮನೆನಾ, ಸಂಬಳ ಎಷ್ಟು, ಮಕ್ಕಳು ಯಾಕಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಎದುರು ಬಾಗಿಲಿನವರ ಹೆಸರೇ ಗೊತ್ತಿಲ್ಲದೆ ಬದುಕಿದವರಿಗೆ ಇದು ಉಸಿರು ಕಟ್ಟಿಸಬಹುದು. ಆದರೆ ಜ್ವರ ಬಂದರೆ ಗಂಜಿ ತಂದುಕೊಡುವವರೂ ಅವರೇ. ಒಂದು ಬೇಕು, ಇನ್ನೊಂದು ಬೇಡ ಅಂದರೆ ನಡೆಯುವುದಿಲ್ಲ.

ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಆಸ್ಪತ್ರೆ ಮೊದಲೇ ನೋಡಿಟ್ಟುಕೊಳ್ಳಿ. ಹೃದಯಕ್ಕೆ ಮೈಸೂರಿನಲ್ಲೂ ಜಯದೇವ ಇದೆ. ನಿಮ್ಹಾನ್ಸ್‌ಗೆ ಮಾತ್ರ ಬೆಂಗಳೂರಿಗೇ ಬರಬೇಕು.

[ಪರದೆಯ ಮೇಲೆ: ಕಾಗದಪತ್ರ]

ಇದು ಬೇಗ ಮುಗಿಯುತ್ತದೆ. ರಾಜ್ಯದ ಒಳಗೇ ಹೋಗುವುದರಿಂದ ಗಾಡಿ ನಂಬರ್ ಬದಲಾಗುವುದಿಲ್ಲ. ವಿಳಾಸ ಬದಲಾದದ್ದನ್ನು 30 ದಿನದೊಳಗೆ ಆರ್‌ಟಿಒಗೆ ತಿಳಿಸಿ. ವೋಟರ್ ಲಿಸ್ಟ್‌ಗೆ ಫಾರ್ಮ್ 8. ಗೃಹಜ್ಯೋತಿ ಇದ್ದರೆ ಬೆಂಗಳೂರಿನ ಮನೆಯ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್‌ನಿಂದ ನಿಮ್ಮ ಆಧಾರ್ ಅನ್ನು ಮೊದಲು ಡಿ-ಲಿಂಕ್ ಮಾಡಿ, ಆಮೇಲೆ ಹೊಸ ಮನೆಗೆ ಅರ್ಜಿ ಹಾಕಿ. ಬೆಸ್ಕಾಂ ಹೋಗಿ ಮೈಸೂರಿನಲ್ಲಿ ಸೆಸ್ಕ್, ಹುಬ್ಬಳ್ಳಿಯಲ್ಲಿ ಹೆಸ್ಕಾಂ ಆಗುತ್ತದೆ, ಅಷ್ಟೇ.

ಕೊನೆಯದಾಗಿ, ಅಲ್ಲಿಗೆ ಹೋದ ಮೊದಲ ವರ್ಷವೇ ಸೈಟ್ ಕೊಳ್ಳಬೇಡಿ. "ಬೆಂಗಳೂರಿನಿಂದ ಬಂದಿದ್ದಾರೆ" ಅಂತ ಗೊತ್ತಾದರೆ ಬ್ರೋಕರ್ ಹೇಳುವ ರೇಟೇ ಬೇರೆ. 11 ತಿಂಗಳ ಅಗ್ರಿಮೆಂಟ್ ಹಾಕಿ ಬಾಡಿಗೆ ಮನೆಯಲ್ಲಿರಿ, ಒಂದು ಮಳೆಗಾಲ, ಒಂದು ಬೇಸಿಗೆ ನೋಡಿ. ಖಾತಾ, ಲೇಔಟ್ ಅಪ್ರೂವಲ್ ವಿಷಯ ಮುಂದಿನ ವಿಡಿಯೋದಲ್ಲಿ.