ಲಾರಿಯ ಎಂಜಿನ್ ಆಯಿಲ್, ಫಿಲ್ಟರ್: ಡಬ್ಬದ ಮೇಲೆ ಏನನ್ನು ಓದಬೇಕು?

ಕೇಳುಗರಿಗೆ ನಮಸ್ಕಾರ. ಲಾರಿಯ ಆಯಿಲನ್ನು ತಾವೇ ಬದಲಿಸುವವರು ಎಡವುವುದು ಹೆಚ್ಚಾಗಿ ಗಾಡಿಯ ಕೆಳಗಲ್ಲ, ಅಂಗಡಿಯ ಮುಂದೆ. ಅದಕ್ಕೇ ಇವತ್ತು ಸ್ಪ್ಯಾನರ್ ಹಿಡಿಯುವ ಮೊದಲಿನ ಮಾತೇ ಹೆಚ್ಚು.

‘15ಡಬ್ಲ್ಯು-40 ಕೊಡಿ’ ಎಂದರೆ ಅರ್ಧ ಹೇಳಿದ ಹಾಗೆ. ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ; 40 ಎಂಬುದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದು ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದಕ್ಕೆ. ಆಯಿಲಿನಲ್ಲಿ ಬೆರೆಸಿದ ರಾಸಾಯನಿಕಗಳ ವಿಷಯ ಈ ಅಂಕಿಗಳಲ್ಲಿ ಇಲ್ಲ. ಅದನ್ನು ಹೇಳುವುದು ಪಕ್ಕದಲ್ಲಿರುವ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ದರ್ಜೆಯ ಅಕ್ಷರಗಳು. ‘ಸಿ’ಯಿಂದ ಶುರುವಾಗುವವು ಡೀಸೆಲ್ ಎಂಜಿನ್ನಿಗೆ, ‘ಎಸ್’ನಿಂದ ಶುರುವಾಗುವವು ಪೆಟ್ರೋಲ್ ಎಂಜಿನ್ನಿಗೆ.

2016ರ ಕೊನೆಯಲ್ಲಿ ಸಿಕೆ-4 ಮತ್ತು ಎಫ್‌ಎ-4 ಎಂಬ ಎರಡು ಡೀಸೆಲ್ ದರ್ಜೆಗಳು ಒಟ್ಟಿಗೆ ಬಂದವು. ಸಿಕೆ-4 ಆಯಿಲನ್ನು ಸಿಜೆ-4, ಸಿಐ-4 ಕೇಳುವ ಹಳೆಯ ಎಂಜಿನ್ನಿಗೂ ಹಾಕಬಹುದು. ಎಫ್‌ಎ-4 ಹಾಗಲ್ಲ. ಇಂಧನ ಉಳಿಸಲೆಂದೇ ಅದನ್ನು ತೆಳುವಾಗಿ ಮಾಡಿದ್ದಾರೆ. ಬಿಸಿ ಬೇರಿಂಗಿನ ಒತ್ತಡದಲ್ಲಿ ಅದರ ಪದರವೂ ತೆಳು. ಮ್ಯಾನ್ಯುಅಲ್‌ನಲ್ಲಿ ಎಫ್‌ಎ-4 ಎಂದು ಬರೆದಿಲ್ಲದಿದ್ದರೆ ಅದರ ತಂಟೆಗೆ ಹೋಗಬೇಡಿ. ಎರಡರಲ್ಲೂ 10ಡಬ್ಲ್ಯು-30 ಸಿಗುತ್ತದೆ, ಆದ್ದರಿಂದ ಅಂಕಿ ನೋಡಿ ಕೊಂಡವರು ಇಲ್ಲೇ ಮೋಸಹೋಗುತ್ತಾರೆ.

ಹೊಗೆಕೊಳವೆಯಲ್ಲಿ ಡಿಪಿಎಫ್, ಅಂದರೆ ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇದ್ದರೆ ಬೂದಿಯ ಲೆಕ್ಕ ಮುಖ್ಯ. ಡಿಪಿಎಫ್‌ನಲ್ಲಿ ಸೇರಿದ ಮಸಿ ಸುಟ್ಟುಹೋಗುತ್ತದೆ, ಆಯಿಲಿನ ರಾಸಾಯನಿಕಗಳಿಂದ ಬರುವ ಬೂದಿ ಸುಡುವುದಿಲ್ಲ. ಅಲ್ಲೇ ಕೂತು ಕಟ್ಟಿಕೊಳ್ಳುತ್ತದೆ. ಸಿಜೆ-4, ಸಿಕೆ-4 ಆಯಿಲ್‌ಗಳಲ್ಲಿ ಸಲ್ಫೇಟೆಡ್ ಬೂದಿ ಶೇಕಡಾ 1ನ್ನು ಮೀರುವಂತಿಲ್ಲ. ಹಳೆಯ ಸಿಐ-4ಕ್ಕೆ ಆ ಮಿತಿ ಇಲ್ಲ. ಇದಲ್ಲದೆ ಎಂಜಿನ್ ತಯಾರಕರ ಸ್ವಂತ ಮಾನದಂಡವೂ ಇರುತ್ತದೆ: ಕಮಿನ್ಸ್‌ನ ಸಿಇಎಸ್ 20086, ವೋಲ್ವೋದ ವಿಡಿಎಸ್-4.5 ಇಂಥವು. ತಯಾರಕರು ಅನುಮೋದಿಸಿದ್ದಾರೆ ಎಂದು ಬರೆದಿರುವುದು ಬೇರೆ, ಇಂಥ ಎಂಜಿನ್ನಿಗೂ ಒಗ್ಗುತ್ತದೆ ಎಂದು ಬರೆದಿರುವುದು ಬೇರೆ. ಎರಡನೆಯದು ಮಾರುವವರ ಮಾತಷ್ಟೇ.

ಇನ್ನು ಫಿಲ್ಟರ್. ಥ್ರೆಡ್ ಕೂತಿತು, ಗ್ಯಾಸ್ಕೆಟ್ ಅಳತೆ ಸರಿಹೋಯಿತು ಎಂದ ಮಾತ್ರಕ್ಕೆ ಅದು ನಿಮ್ಮ ಎಂಜಿನ್ನಿನದಲ್ಲ. ಎಷ್ಟೋ ಫಿಲ್ಟರ್‌ಗಳ ಒಳಗೇ ಬೈಪಾಸ್ ವಾಲ್ವ್ ಇರುತ್ತದೆ; ಫಿಲ್ಟರ್ ಕಟ್ಟಿಕೊಂಡಾಗ ಆಯಿಲ್ ಸೋಸದೆಯೇ ಮುಂದೆ ಹೋಗಲು ದಾರಿ ಬಿಡುವುದು ಇದು. ಅದು ಬೇಕಾದ್ದಕ್ಕಿಂತ ಕಡಿಮೆ ಒತ್ತಡಕ್ಕೇ ತೆರೆದರೆ ಸೋಸದ ಆಯಿಲ್ ಬೇರಿಂಗಿಗೆ ಹೋಗುತ್ತದೆ. ತೀರ ತಡವಾಗಿ ತೆರೆದರೆ ಒಳಗಿನ ಕಾಗದವೇ ಕುಸಿಯಬಹುದು. ಅಡ್ಡ ಅಥವಾ ತಲೆಕೆಳಗಾಗಿ ಕೂರುವ ಫಿಲ್ಟರಿಗೆ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್ ಬೇಕು. ಅದಿಲ್ಲದಿದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಒಣ ಸದ್ದು ಕೇಳುತ್ತದೆ.

‘ಇದು 20 ಮೈಕ್ರಾನ್’ ಎಂದು ಹೊಗಳಿದರೆ, ಆ ಗಾತ್ರದ ಕಣಗಳಲ್ಲಿ ಶೇಕಡಾ ಎಷ್ಟನ್ನು ಹಿಡಿಯುತ್ತದೆ ಎಂದು ಕೇಳಿ. ಅದನ್ನು ಹೇಳುವುದು ಬೀಟಾ ಎಂಬ ಅಂಕಿ. ಬೀಟಾ 2 ಎಂದರೆ ಅರ್ಧ ಮಾತ್ರ. ಬೀಟಾ 75 ಎಂದರೆ ಶೇಕಡಾ 98.7. ಈ ಅಂಕಿ ಇಲ್ಲದ ಮೈಕ್ರಾನಿಗೆ ಬೆಲೆಯಿಲ್ಲ. ಹಾಗೆಂದು ಅತಿ ಸೂಕ್ಷ್ಮವಾದದ್ದನ್ನು ಹುಡುಕಿ ಹಾಕುವುದೂ ಬೇಡ, ಅದು ಬೇಗ ಕಟ್ಟಿಕೊಂಡು ಬೈಪಾಸ್ ತೆರೆಸುತ್ತದೆ. ಕೆಲವು ಎಂಜಿನ್‌ಗಳಲ್ಲಿ ಎರಡನೇ ಫಿಲ್ಟರೋ, ಆಯಿಲನ್ನು ಗಿರಗಿರನೆ ತಿರುಗಿಸಿ ಕಸ ಬೇರ್ಪಡಿಸುವ ಸೆಂಟ್ರಿಫ್ಯೂಜೋ ಇರುತ್ತದೆ, ಅದನ್ನೂ ಮರೆಯಬೇಡಿ.

ಕೆಲಸಕ್ಕೆ ಇಳಿದಾಗ ಗಾಡಿ ಸಮತಟ್ಟು ನೆಲದಲ್ಲಿರಲಿ, ಚಕ್ರಕ್ಕೆ ಅಡ್ಡ ಕೊಡಿ. ಎಂಜಿನ್ ಬೆಚ್ಚಗಿದ್ದರೆ ಸಾಕು, ಕೈ ಸುಡುವಷ್ಟು ಬೇಡ. ದೊಡ್ಡ ಎಂಜಿನ್ನಿನಿಂದ 30-40 ಲೀಟರ್ ಇಳಿಯುತ್ತದೆ. ಅಷ್ಟು ಹಿಡಿಯುವ ಪಾತ್ರೆ ಇಟ್ಟ ಮೇಲೆಯೇ ಡ್ರೇನ್ ಪ್ಲಗ್ ಬಿಚ್ಚಿ. ಪ್ಲಗ್ಗಿಗೆ ಹೊಸ ವಾಷರ್ ಹಾಕಿ. ಹಳೆಯ ಫಿಲ್ಟರಿನ ಗ್ಯಾಸ್ಕೆಟ್ ಎಂಜಿನ್ನಿಗೇ ಅಂಟಿಕೊಂಡಿದೆಯೇ ಎಂದು ಬೆರಳಿನಿಂದ ಸವರಿ ನೋಡಿ. ಅದರ ಮೇಲೆ ಹೊಸದು ಕೂತರೆ, ಒತ್ತಡ ಏರಿದಾಗ ಆಯಿಲೆಲ್ಲ ನೆಲದ ಪಾಲು. ಹೊಸ ಗ್ಯಾಸ್ಕೆಟ್ಟಿಗೆ ಆಯಿಲ್ ಸವರಿ, ಅದು ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲರಿಂದ ಒಂದು ಸುತ್ತು ಕೈಯಿಂದಲೇ ಬಿಗಿ ಮಾಡಿ; ಸರಿಯಾದ ಅಳತೆ ಫಿಲ್ಟರಿನ ಮೇಲೇ ಇರುತ್ತದೆ. ಫಿಲ್ಟರಿಗೆ ಮೊದಲೇ ಆಯಿಲ್ ತುಂಬಲು ಮ್ಯಾನ್ಯುಅಲ್ ಒಪ್ಪಿದರೆ ಅಂಚಿನ ತೂತುಗಳಲ್ಲಿ ಹುಯ್ಯಿರಿ. ನಡುವಿನ ತೂತು ಸೋಸಿದ ಕಡೆಯದು, ಅಲ್ಲಿ ಬಿದ್ದ ಕಸ ನೇರ ಬೇರಿಂಗಿಗೆ.

ಮ್ಯಾನ್ಯುಅಲ್ ಹೇಳಿದ್ದಕ್ಕಿಂತ ಎರಡು ಮೂರು ಲೀಟರ್ ಕಡಿಮೆ ಹಾಕಿ, ಆಕ್ಸಿಲರೇಟರ್ ಒತ್ತದೆ ಸ್ಟಾರ್ಟ್ ಮಾಡಿ. 15 ಸೆಕೆಂಡಿನೊಳಗೆ ಆಯಿಲ್ ಪ್ರೆಷರ್ ಏರದಿದ್ದರೆ ಆಗಲೇ ನಿಲ್ಲಿಸಿ. ಏರಿದರೆ ಸೋರಿಕೆ ನೋಡಿ, ಎಂಜಿನ್ ನಿಲ್ಲಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ಉಳಿದದ್ದನ್ನು ತುಂಬಿ. ಮೇಲಿನ ಗೆರೆ ದಾಟಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ಪ್ರೆಷರ್ ಬೀಳುತ್ತದೆ.

ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಬೇಗನೆ ಕಪ್ಪಾಗುವುದು ಸಹಜ, ಅದಕ್ಕೆ ಗಾಬರಿ ಬೇಡ. ಗಾಬರಿಪಡಬೇಕಾದ್ದು ಹಾಲಿನಂತೆ ಬೆಳ್ಳಗಾದರೆ, ಅಂದರೆ ಕೂಲೆಂಟ್ ಸೇರಿದೆ. ಇಲ್ಲವೇ ನೀವು ಹಾಕದೆಯೇ ಮಟ್ಟ ಏರಿದರೆ, ಆಗ ಡೀಸೆಲೋ ಕೂಲೆಂಟೋ ಬೆರೆತಿರುತ್ತದೆ. ಇಳಿಸಿದ ಆಯಿಲನ್ನು ಮುಚ್ಚಳವಿರುವ ಡಬ್ಬದಲ್ಲಿ ಬೇರೆಯಾಗಿಯೇ ಇಡಿ. ಕೂಲೆಂಟೋ ಪೆಟ್ರೋಲೋ ಬೆರೆತದ್ದನ್ನು ಮರುಬಳಕೆಯವರು ತೆಗೆದುಕೊಳ್ಳದೆ ಇರಬಹುದು.